ಭದ್ರಾವತಿ: ಹೆಸರಿನ ಅರ್ಥ, ಹೆಸರಿನ ಬಳಕೆ



ಊರಿನ ಹೆಸರು ಎಂದ ಕೂಡಲೇ ನಮ್ಮಲ್ಲಿ ಅದರ ಅರ್ಥದ ಚರ್ಚೆ ಶುರುವಾಗುತ್ತದೆ. ಭದ್ರಾವತಿಯ ಮಟ್ಟಿಗೆ ಆ ಚರ್ಚೆ ಬೇಗ ಮುಗಿಯುತ್ತದೆ. ಗಂಗಾಮೂಲದಲ್ಲಿ ಹುಟ್ಟಿ, ಕೂಡ್ಲಿಯಲ್ಲಿ ತುಂಗೆಯನ್ನು ಸೇರುವ ಭದ್ರಾ ನದಿ ಊರಿನ ನಡುವೆಯೇ ಹರಿಯುತ್ತದೆ. ಊರು ಹೆಸರು ಪಡೆದದ್ದು ಹೊಳೆಯಿಂದ. ಆದರೆ ಹೆಸರಿಗೆ ಜೀವ ತುಂಬಿದವರು ಅದನ್ನು ಬಳಸಿದ ಜನ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ಕನ್ನಡ ಓದುಗರ ಕಿವಿಗೆ ಭದ್ರಾವತಿ ಎಂಬ ಹೆಸರು ಇಲ್ಲಿನ ಕಬ್ಬಿಣದ ಕಾರ್ಖಾನೆಗಿಂತ ಎಷ್ಟೋ ಮೊದಲೇ ಬಿದ್ದಿತ್ತು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಧರ್ಮರಾಯನ ಅಶ್ವಮೇಧಕ್ಕೆ ತಕ್ಕ ಕುದುರೆ ಇದ್ದದ್ದು ಯೌವನಾಶ್ವ ರಾಜನ ಭದ್ರಾವತಿಯಲ್ಲಿ. ಭೀಮ ಹೋಗಿ ತಂದದ್ದು ಅಲ್ಲಿಂದಲೇ. ಗಮಕ ಕೇಳಿ ಬೆಳೆದ ನಮ್ಮ ಹಿರಿಯರಿಗೆ ಇದು ಕಾವ್ಯದ ಪಟ್ಟಣದ ಹೆಸರು. ನಮ್ಮ ಊರಿಗೂ ಆ ಕಥೆಗೂ ನೇರ ಸಂಬಂಧ ಕಲ್ಪಿಸಲು ನಾನು ಹೋಗುವುದಿಲ್ಲ. ಆ ಹೆಸರು ನಮ್ಮೊಂದೇ ಊರಿನದಲ್ಲ, ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲೂ ಒಂದು ಭದ್ರಾವತಿ ಇದೆ.

ಊರಿನ ಹಳೆಯ ಹೆಸರು ಬೆಂಕಿಪುರ. ಕುಲುಮೆಯ ಬೆಂಕಿಯಿಂದಲೇ ಆ ಹೆಸರು ಬಂತೆಂದು ಹೇಳುವವರನ್ನು ನಾನು ಕೇಳಿದ್ದೇನೆ. ಅದು ತಪ್ಪು. ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾದದ್ದು 1918ರಲ್ಲಿ, ಕುಲುಮೆ ಉರಿದದ್ದು 1923ರಲ್ಲಿ. ಬೆಂಕಿಪುರ ಅದಕ್ಕೂ ಹಳೆಯದು. ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳರ ಕಾಲದ್ದು. ವಂಕಿ ಎಂಬ ಮುನಿ ಇಲ್ಲಿ ತಪಸ್ಸು ಮಾಡಿದ, ಅದರಿಂದ ಊರು ವಂಕಿಪುರ ಎನ್ನುತ್ತದೆ ಸ್ಥಳಪುರಾಣ. ವನ ಬನವಾದಂತೆ, ವಸದಿ ಬಸದಿಯಾದಂತೆ ವಂಕಿಯ ವಕಾರ ಬಕಾರವಾಗಿ, ಮುಂದೆ ಜನರ ಬಾಯಲ್ಲಿ ಪರಿಚಿತವಾದ ಬೆಂಕಿಯೇ ಆಗಿರುವುದು ಸಹಜ. ಪುರಾಣ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಈ ಧ್ವನಿಬದಲಾವಣೆ ಮಾತ್ರ ಕನ್ನಡಕ್ಕೆ ಹೊಸದಲ್ಲ.

ಇನ್ನು ಬಳಕೆಯ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಯ ಗೇಟಿನ ಮೇಲಿದ್ದ ಹೆಸರುಗಳನ್ನು ಒಂದೊಂದಾಗಿ ನೆನೆಯಿರಿ. ಮೊದಲು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಆಮೇಲೆ ಮೈಸೂರು ಐರನ್ ಅಂಡ್ ಸ್ಟೀಲ್ ವರ್ಕ್ಸ್. ನಂತರ ವಿಶ್ವೇಶ್ವರಯ್ಯನವರ ಹೆಸರು, ಕೊನೆಗೆ ಸ್ಟೀಲ್ ಅಥಾರಿಟಿ. 1936ರಲ್ಲಿ ಬಂದ ಕಾಗದದ ಕಾರ್ಖಾನೆಯೂ ಮೈಸೂರು ಪೇಪರ್ ಮಿಲ್ಸ್. ಇಷ್ಟು ಹೆಸರುಗಳಲ್ಲಿ ಒಂದರಲ್ಲೂ ಭದ್ರಾವತಿ ಇಲ್ಲ! ಕೆಮ್ಮಣ್ಣುಗುಂಡಿಯ ಅದಿರು ಇಲ್ಲಿ ಕರಗಿತು, ಮಲೆನಾಡಿನ ಕಾಡಿನ ಮರ ಇಲ್ಲಿ ಇದ್ದಿಲಾಗಿ ಕುಲುಮೆ ಸೇರಿತು, ಭದ್ರೆಯ ನೀರು ಎರಡೂ ಕಾರ್ಖಾನೆಗಳನ್ನು ನಡೆಸಿತು. ಗೇಟಿನ ಮೇಲೆ ಮಾತ್ರ ಊರಿನ ಹೆಸರಿಗೆ ಜಾಗ ಸಿಗಲಿಲ್ಲ.

ಜನ ಆ ಹಲಗೆಯನ್ನು ಕೇಳಲೇ ಇಲ್ಲ. ಅಂಗಡಿಯಲ್ಲಿ ಕೇಳಿದ್ದು ಭದ್ರಾವತಿ ಕಬ್ಬಿಣ. ಶಾಲೆಯಲ್ಲಿ ಉರು ಹೊಡೆದದ್ದು ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ. ಹೆಣ್ಣು ಕೊಡುವವರು ವಿಚಾರಿಸಿ ಸಮಾಧಾನಪಟ್ಟದ್ದು, ‘ಹುಡುಗ ಭದ್ರಾವತಿ ಫ್ಯಾಕ್ಟರೀಲಿ ಇದಾನೆ’ ಎಂಬ ಒಂದು ಮಾತಿಗೆ. ಬಾಗಿಲು ಭದ್ರ ಮಾಡು, ದುಡ್ಡು ಭದ್ರವಾಗಿಡು ಎನ್ನುವ ನಮ್ಮ ಮಾತಿನ ಭದ್ರ ಅಲ್ಲಿ ಊರಿನ ಹೆಸರಿಗೆ ಸೇರಿಕೊಂಡಿತು. ಮಂಗಳಕರ ಎಂಬ ಸಂಸ್ಕೃತದ ಅರ್ಥ ಪಕ್ಕಕ್ಕೆ ಸರಿದು, ಕಾಯಂ ಕೆಲಸ, ಕ್ವಾರ್ಟರ್ಸು, ತಿಂಗಳ ಸಂಬಳ ಎಂಬ ಅರ್ಥ ಬಂತು. ನಿಘಂಟು ಬರೆಯದ ಈ ಅರ್ಥವೇ ನನ್ನ ದೃಷ್ಟಿಯಲ್ಲಿ ಈ ಹೆಸರಿನ ನಿಜವಾದ ಅರ್ಥ.

1965ರಿಂದ ಆಕಾಶವಾಣಿಯೂ ಹೆಸರನ್ನು ಬಳಕೆಗೆ ತರುವ ಈ ಕೆಲಸದಲ್ಲಿ ಕೈಜೋಡಿಸಿತು. ಜಿಲ್ಲಾಕೇಂದ್ರ ಶಿವಮೊಗ್ಗವಾದರೂ ನಿಲಯ ಬಂದದ್ದು ಇಲ್ಲಿಗೆ. ‘ಆಕಾಶವಾಣಿ, ಭದ್ರಾವತಿ’ ಎಂಬ ದನಿ ಮಲೆನಾಡಿನ ಅಡಕೆ ತೋಟದ ಮನೆಗೂ ದಾವಣಗೆರೆ ಕಡೆಯ ಬಯಲಿನ ಹಟ್ಟಿಗೂ ದಿನವೂ ಮುಟ್ಟಿತು. ಈ ಊರನ್ನು ನೋಡದವರಿಗೂ ಇದರ ಹೆಸರು ಮನೆಯವರ ಹೆಸರಿನಷ್ಟು ಬಳಕೆಯಾದದ್ದು ಹೀಗೆ.

ಊರಿನೊಳಗಿನ ಬಳಕೆಯೇ ಬೇರೆ. ಹೊಳೆಹೊನ್ನೂರಿನವರು, ಆನವೇರಿಯವರು ಭದ್ರಾವತಿಗೆ ಹೋಗುತ್ತೇವೆ ಎಂದು ಬಸ್ ಹತ್ತುತ್ತಾರೆ. ಇಲ್ಲಿ ಇರುವವರು ಹೋಗುವುದು ಹಳೇನಗರಕ್ಕೆ, ಹೊಸಮನೆಗೆ, ಜನ್ನಾಪುರಕ್ಕೆ, ನ್ಯೂಟೌನಿಗೆ, ಪೇಪರ್ ಟೌನಿಗೆ. ಕಾಗದನಗರ ಎಂಬ ಚೆಂದದ ಹೆಸರು ಇದ್ದರೂ ಪೇಪರ್ ಟೌನೇ ನಾಲಗೆಗೆ ಹತ್ತಿರ. ಹಳೆಯ ಹಳ್ಳಿಯ ಹೆಸರು ಒಂದು, ಪೇಟೆಯದು ಒಂದು, ಕಾರ್ಖಾನೆ ತಂದದ್ದು ಇನ್ನೊಂದು. ಇವುಗಳನ್ನು ಒಂದು ಕಾಗದದ ಮೇಲೆ ಸಾಲಾಗಿ ಬರೆದರೆ ಊರು ಬೆಳೆದ ಚರಿತ್ರೆಯೇ ಕಾಣುತ್ತದೆ.

ಈ ಚರಿತ್ರೆಗೆ ಈಗ ಪೆಟ್ಟು ಬಿದ್ದಿದೆ. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕುಳಿತು ಹೋರಾಡಿದರು. ಅದೇ ವರ್ಷ ಆ ಕಾರ್ಖಾನೆಯ ಬಾರ್ ಮಿಲ್ ಮತ್ತೆ ತಿರುಗಿತು. ಅವರು ಹೋರಾಡಿದ್ದು ಹೊಟ್ಟೆಪಾಡಿಗಾಗಿ. ಜೊತೆಗೆ, ಜನ ಈ ಹೆಸರಿಗೆ ಕೊಟ್ಟ ಅರ್ಥವನ್ನು ಉಳಿಸಿದವರೂ ಅವರೇ ಎಂದು ನಾನು ಗೌರವದಿಂದ ಹೇಳುತ್ತೇನೆ. ಪತ್ರಿಕೆಗಳು ಇಂದಿಗೂ ಉಕ್ಕಿನ ನಗರಿ ಎಂದು ಬರೆಯುತ್ತವೆ. ಕೆಲಸವಿಲ್ಲದ ಊರಿಗೆ ಬಿರುದು ಮಾತ್ರ ಉಳಿದರೆ ಯಾರಿಗೂ ಪ್ರಯೋಜನವಿಲ್ಲ.

ಖಾಲಿಯಾದ ಕ್ವಾರ್ಟರ್ಸುಗಳ ಜೊತೆಗೆ ಅಲ್ಲಿನ ಬೀದಿ, ಸರ್ಕಲ್ಲು, ಕಾರ್ಖಾನೆಯ ವಿಭಾಗಗಳಿಗೆ ಕಾರ್ಮಿಕರು ಇಟ್ಟುಕೊಂಡಿದ್ದ ಹೆಸರುಗಳೂ ಹೋಗುತ್ತಿವೆ. ಅವು ಯಾವ ಕಡತದಲ್ಲೂ ಸಿಗುವುದಿಲ್ಲ. ಅವುಗಳನ್ನು ಬಲ್ಲ ನಿವೃತ್ತರು ನಮ್ಮ ನಡುವೆ ಇನ್ನೂ ಇದ್ದಾರೆ. ಇಲ್ಲಿನ ಕಾಲೇಜುಗಳ ಕನ್ನಡ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ: ಈ ವರ್ಷವೇ ನಿಮ್ಮ ವಿದ್ಯಾರ್ಥಿಗಳನ್ನು ಅವರ ಮನೆಗಳಿಗೆ ಕಳಿಸಿ, ಒಂದೊಂದು ಹೆಸರನ್ನೂ, ಅದನ್ನು ಹೇಳಿದವರ ಹೆಸರಿನೊಂದಿಗೆ ಬರೆಸಿಡಿ. ಮುಂದಿನ ವರ್ಷ ಈ ಉಪನ್ಯಾಸದ ದತ್ತಿಯ ಹೊತ್ತಗೆಯಾಗಿ ಅದನ್ನೇ ಅಚ್ಚು ಮಾಡೋಣ.