ಎರಿ ಹೊಲದ ರಾಡಿಗೆ ಪೆಟ್ರೋಲಾ, ಡೀಸೆಲ್ಲಾ?

ಈ ವಾರ ಒಂದೇ ಪ್ರಶ್ನೆ ತಗೋತೀನಿ. ಮನಗೂಳಿ ಹತ್ತಿರದ ಕೇಳುಗ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ವಯಸ್ಸು 24. ಮನೆ ಊರೊಳಗಿಲ್ಲ, ತೋಟದ ವಸ್ತಿಯಲ್ಲಿದೆ. ವಸ್ತಿಯಿಂದ ಡಾಂಬರ್ ರಸ್ತೆಗೆ ಎರಡೂವರೆ ಕಿಲೋಮೀಟರ್ ಎರಿ ಮಣ್ಣಿನ ದಾರಿ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಅವರ ಅಜ್ಜಿಗೆ ಉಸಿರಾಟದ ತೊಂದರೆ ಆಯ್ತು. ಆಂಬುಲೆನ್ಸ್ ಡಾಂಬರ್ ಮೇಲೇ ನಿಂತಿತು. ಕಡೆಗೆ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಹಾಸಿಗೆ ಹಾಕಿ ಅಜ್ಜಿಯನ್ನ ಅಲ್ಲಿತನಕ ತಂದ್ರಂತೆ. ಅಜ್ಜಿ ಈಗ ಆರಾಮ ಇದ್ದಾರೆ. ಆದ್ರೆ ಮುಂದಿನ ಮಳೆಗಾಲದೊಳಗೆ ಒಂದು ಫೋರ್ ಬೈ ಫೋರ್ ಗಾಡಿ ತಗೊಳ್ಳೋಣ ಅಂತ ಮನೆಯಲ್ಲಿ ಮಾತಾಗಿದೆ. 10 ಲಕ್ಷ ಸಾಲ ಮಾಡಬೇಕು.

ಅವರು ಕೇಳಿದ್ದು ಇಷ್ಟು: "ಅಣ್ಣಾ, ಅಪ್ಪ ಡೀಸೆಲ್ ಅಂತಾರ, ನಾ ಪೆಟ್ರೋಲ್ ಅಂತೀನಿ. ರಾಡಿಯಾಗಿಂದ ಯಾವುದು ಹೊರಗ ಬರ್ತೈತಿ?"

ಅಪ್ಪನ ಕಡೆ ಮೂರು ಕಾರಣ ಇವೆ: ಡೀಸೆಲ್‌ಗೆ ಎಳೆಯೋ ಶಕ್ತಿ ಜಾಸ್ತಿ, ಮೈಲೇಜ್ ಜಾಸ್ತಿ, ಟ್ರ್ಯಾಕ್ಟರ್‌ಗೆ ತಂದ ಡೀಸೆಲ್ ಮನೆಯಲ್ಲೇ ಇರ್ತದೆ. ಹಿರಿಯರ ಮಾತು, ಸುಮ್ಮನೆ ತಳ್ಳಿ ಹಾಕೋದು ಬೇಡ. ಒಂದೊಂದಾಗಿ ನೋಡೋಣ.

ಮೊದಲನೇದು ಎಳೆಯೋ ಶಕ್ತಿ, ಅಂದ್ರೆ ಟಾರ್ಕ್. ರಾಡಿಯಲ್ಲಿ ಬೇಕಾಗೋದು ವೇಗ ಅಲ್ಲ. ಇಂಜಿನ್ ನಿಧಾನ ತಿರುಗುವಾಗಲೇ ಚಕ್ರಕ್ಕೆ ಬಲ ಸಿಗಬೇಕು. ಹಳೇ ಕಾಲದ ಪೆಟ್ರೋಲ್ ಇಂಜಿನ್‌ಗಳಲ್ಲಿ ಅದು ಕಮ್ಮಿ ಇತ್ತು, ಹಾಗಾಗಿ ಅಪ್ಪನ ಮಾತು ಅವರ ಕಾಲಕ್ಕೆ ಖರೇನೇ. ಆದ್ರೆ ಟರ್ಬೊ ಬಂದ ಮೇಲೆ ಲೆಕ್ಕ ಬದಲಾಗಿದೆ. 2020ರ ಅಕ್ಟೋಬರ್‌ನಲ್ಲಿ ಬಂದ ಮಹೀಂದ್ರ ಥಾರ್ ನೋಡ್ರಿ. ಅದರ 2.2 ಲೀಟರ್ ಡೀಸೆಲ್ ಇಂಜಿನ್ ಕೊಡೋದು 300 ನ್ಯೂಟನ್ ಮೀಟರ್ ಟಾರ್ಕ್. 2 ಲೀಟರ್ ಟರ್ಬೊ ಪೆಟ್ರೋಲ್ ಕೂಡ ಮ್ಯಾನ್ಯುಯಲ್‌ನಲ್ಲಿ 300, ಆಟೊಮ್ಯಾಟಿಕ್‌ನಲ್ಲಿ 320. ಎರಡೂ ಕೆಳಗಿನ ಆರ್‌ಪಿಎಂನಲ್ಲೇ ಸಿಗ್ತದೆ. ಟರ್ಬೊ ಇಲ್ಲದ ಮಾರುತಿ ಜಿಮ್ನಿ ಪೆಟ್ರೋಲ್ ಮಾತ್ರ 134ರಲ್ಲೇ ನಿಲ್ತದೆ, ಅದೂ 4000 ಆರ್‌ಪಿಎಂಗೆ. ಆದ್ರೆ ಜಿಮ್ನಿ ತೂಕ ಸುಮಾರು 1200 ಕಿಲೋ, ಥಾರ್‌ಗಿಂತ ಎಷ್ಟೋ ಹಗುರ. ಹಗುರ ಗಾಡಿ ಮೆತ್ತಗಿನ ನೆಲದಲ್ಲಿ ಕಮ್ಮಿ ಹೂಳ್ತದೆ. ಮೇಲಾಗಿ ಎರಡರಲ್ಲೂ ಫೋರ್ ಲೋ ಗೇರ್ ಇದೆ. ಅದು ಹಾಕಿದ್ರೆ ಇಂಜಿನ್ ಬಲ ಚಕ್ರಕ್ಕೆ ಹೋಗುವಾಗ ಎರಡು, ಎರಡೂವರೆ ಪಟ್ಟು ಆಗ್ತದೆ.

ಈಗ ನಮ್ಮ ಮಣ್ಣಿನ ವಿಷಯ. ಡೋಣಿ ಸೀಮೆಯ ಎರಿ ಮಣ್ಣಲ್ಲಿ ಜೇಡಿ ಅಂಶ ಜಾಸ್ತಿ. ನೀರು ಕುಡಿದ್ರೆ ಉಬ್ತದೆ, ಅಂಟಾಗ್ತದೆ. ಬಿಳಿಜೋಳ ಮಳೆ ಇಲ್ಲದ ದಿನದಲ್ಲೂ ಬೆಳೆಯೋದು ಈ ಮಣ್ಣು ನೀರು ಹಿಡಿದಿಡೋದರಿಂದಲೇ. ಅದೇ ಗುಣ ಗಾಡಿಗೆ ಶತ್ರು. ಟೈರ್ ಗಾಡಿ ಗಾಡಿಗಳ ನಡುವೆ ಮಣ್ಣು ತುಂಬಿದ ಮೇಲೆ ಟೈರ್ ರೊಟ್ಟಿಹಂಚಿನಂಗ ನುಣ್ಣಗ ಆಗಿಬಿಡ್ತದೆ. ಆಗ ನಿಮ್ಮ ಹತ್ರ 300 ಇದ್ರೇನು, 500 ಇದ್ರೇನು, ಚಕ್ರ ನಿಂತಲ್ಲೇ ತಿರುಗ್ತದೆ. ಹಾಗಾಗಿ ರಾಡಿಯಿಂದ ಹೊರಗೆ ತರೋದು ಟೈರ್, ಫೋರ್ ಲೋ, ಗಾಡಿ ಕೆಳಗಿನ ಎತ್ತರ ಮತ್ತು ಸ್ಟೇರಿಂಗ್ ಹಿಡಿದವರ ತಾಳ್ಮೆ. ಪೆಟ್ರೋಲ್-ಡೀಸೆಲ್ ಪ್ರಶ್ನೆ ರಾಡಿಯದ್ದಲ್ಲ, ರೊಕ್ಕದ್ದು. ಬಿಕಾಂ ಓದಿದವನು ನಾನು, ಇನ್ನು ನನ್ನ ಏರಿಯಾ.

ಎರಡನೇ ಕಾರಣ, ಮೈಲೇಜ್. ಪೆಟ್ರೋಲ್ ಲೀಟರ್‌ಗೆ 103, ಡೀಸೆಲ್ 91 ರೂಪಾಯಿ ಅಂತ ಹಿಡೀರಿ. ಇಂಥ ಗಾಡಿ ಪೆಟ್ರೋಲ್‌ನಲ್ಲಿ 9 ಕಿಲೋಮೀಟರ್, ಡೀಸೆಲ್‌ನಲ್ಲಿ 12 ಕೊಡ್ತದೆ ಅಂತ ಹಿಡೀರಿ. ಕಿಲೋಮೀಟರ್‌ಗೆ ಪೆಟ್ರೋಲ್ ಖರ್ಚು 11 ರೂಪಾಯಿ 44 ಪೈಸೆ, ಡೀಸೆಲ್ 7 ರೂಪಾಯಿ 58 ಪೈಸೆ. ಉಳಿತಾಯ 3 ರೂಪಾಯಿ 86 ಪೈಸೆ. ಡೀಸೆಲ್ ಗಾಡಿ ಶೋರೂಮ್‌ನಲ್ಲಿ 1 ಲಕ್ಷ ಜಾಸ್ತಿ ಅಂದುಕೊಳ್ಳಿ. 10ರಿಂದ 20 ಲಕ್ಷದ ಗಾಡಿಗೆ ನಮ್ಮ ರಾಜ್ಯದಲ್ಲಿ ಜೀವಾವಧಿ ತೆರಿಗೆ ಶೇ 17. ಅದು, ಸೆಸ್ಸು, ಇನ್ಶೂರೆನ್ಸ್ ಎಲ್ಲಾ ಸೇರಿ ಆ 1 ಲಕ್ಷ ಸುಮಾರು 1.2 ಲಕ್ಷ ಆಗ್ತದೆ. ಇದು ವಾಪಸ್ ಬರಬೇಕಂದ್ರೆ ಸುಮಾರು 31 ಸಾವಿರ ಕಿಲೋಮೀಟರ್ ಓಡಿಸಬೇಕು.

ನಮ್ಮ ಕೇಳುಗರು ಹೇಳಿದ ಓಡಾಟ ತಿಂಗಳಿಗೆ 500 ಕಿಲೋಮೀಟರ್. ಅಂದ್ರೆ 62 ತಿಂಗಳು. ಸಾಲದ ಕಂತು 60 ತಿಂಗಳು. ಸಾಲ ಮುಗಿದ ಮೇಲೆ ಡೀಸೆಲ್‌ನ ಲಾಭ ಶುರು! ಅದೇ ತಿಂಗಳಿಗೆ 1500 ಓಡಿಸೋರಿದ್ರೆ 21 ತಿಂಗಳಲ್ಲಿ ರೊಕ್ಕ ವಾಪಸ್, ಅಂಥವರು ಡೀಸೆಲ್ ತಗೋರಿ, ನನ್ನ ತಕರಾರಿಲ್ಲ. ಈ ಅಂಕಿಗಳ ಜಾಗದಲ್ಲಿ ನಿಮ್ಮ ಊರಿನ ದರ, ನಿಮ್ಮ ಓಡಾಟ ಹಾಕಿ ನೋಡ್ರಿ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ಮೂರನೇದು, ಮನೆಯಲ್ಲಿರೋ ಡೀಸೆಲ್. ರಾತ್ರಿ ಹೊತ್ತಲ್ಲಿ ಇದು ನಿಜವಾದ ಅನುಕೂಲ, ಒಪ್ತೀನಿ. ಆದ್ರೆ ಈಗಿನ ಡೀಸೆಲ್ ಇಂಜಿನ್ ಟ್ರ್ಯಾಕ್ಟರ್‌ನಷ್ಟು ಗಟ್ಟಿ ಹೊಟ್ಟೆಯದ್ದಲ್ಲ. ಬ್ಯಾರಲ್ ತಳದ ನೀರು, ಧೂಳು ಹೋದ್ರೆ ಇಂಜೆಕ್ಟರ್ ಕೆಡ್ತದೆ, ರಿಪೇರಿ ದುಬಾರಿ. ಇನ್ನೊಂದು, 2020ರ ಏಪ್ರಿಲ್‌ನಿಂದ ಬಿಎಸ್6 ನಿಯಮ ಬಂದಿದೆ. ಡೀಸೆಲ್ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರ್ತದೆ, ಅದನ್ನ ಡಿಪಿಎಫ್ ಅಂತಾರೆ. ಆ ಮಸಿ ಸುಟ್ಟು ಹೋಗಬೇಕಂದ್ರೆ ಗಾಡಿ ಬಿಸಿಯಾಗಿ ಹೈವೇಯಲ್ಲಿ ಒಂದಿಷ್ಟು ಹೊತ್ತು ಓಡಬೇಕು. ದಿನಾ ಹಾಲು ಹಾಕೋಕೆ ನಾಲ್ಕು ಕಿಲೋಮೀಟರ್ ಹೋಗಿ ಬರೋ ಗಾಡಿಯಲ್ಲಿ ಮಸಿ ಕಟ್ಕೊಳ್ತದೆ. ಡೀಸೆಲ್ ತಗೊಂಡ್ರೆ ಆಗಾಗ ವಿಜಯಪುರಕ್ಕೆ ಒಂದು ಟ್ರಿಪ್ ಹೊಡೀಲೇಬೇಕು.

ಒಂದು ಎಚ್ಚರಿಕೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. 4 ಮೀಟರ್ ಒಳಗಿನ ಗಾಡಿಯಲ್ಲಿ 1500 ಸಿಸಿ ತನಕದ ಡೀಸೆಲ್, 1200 ಸಿಸಿ ತನಕದ ಪೆಟ್ರೋಲ್‌ಗೆ ಶೇ 18. ಅದನ್ನ ದಾಟಿದ್ರೆ ಶೇ 40. ಹಾಗಾಗಿ ಥಾರ್ 1.5 ಡೀಸೆಲ್ ಅಗ್ಗ ಕಾಣ್ತದೆ. ಆದ್ರೆ ಅದು ಹಿಂದಿನ ಎರಡೇ ಚಕ್ರಕ್ಕೆ ಬಲ ಕೊಡೋ ಗಾಡಿ, ಫೋರ್ ಬೈ ಫೋರ್ ಅಲ್ಲ. ನೋಡೋಕೆ ಅದೇ ಥಾರ್, ಎರಿ ರಾಡಿಯಲ್ಲಿ ಅದೇ ಅಲ್ಲ. ಅಜ್ಜಿ ಸಲುವಾಗಿ ತಗೊಳ್ಳೋ ಗಾಡಿಯಲ್ಲಿ ಇದನ್ನ ಮರೀಬ್ಯಾಡ್ರಿ.

ಹಳ್ಳ ದಾಟೋ ವಿಷಯವೂ ಅಷ್ಟೇ. "ಡೀಸೆಲ್ ನೀರಾಗ ನಿಲ್ಲಂಗಿಲ್ಲ" ಅನ್ನೋ ಮಾತು ನಂಬಬೇಡಿ. ಗಾಳಿ ಎಳೆಯೋ ದಾರಿಯಲ್ಲಿ ನೀರು ಹೋದ್ರೆ ಎರಡೂ ಇಂಜಿನ್ ಒಡೀತವೆ. ಹರಿಯೋ ನೀರು ಗಾಡಿಯನ್ನೇ ಎಳ್ಕೊಂಡು ಹೋಗ್ತದೆ. ಡೋಣಿ ಏರಿದಾಗ ನಿಂತುಬಿಡಿ.

ಹಾಗಾದ್ರೆ ತಮ್ಮಾ, ನಿಮ್ಮ ಓಡಾಟಕ್ಕೆ ನನ್ನ ಸಲಹೆ ಪೆಟ್ರೋಲ್ ಫೋರ್ ಬೈ ಫೋರ್. ಉಳಿದ 1.2 ಲಕ್ಷದಲ್ಲಿ ಅಗಲ ಸಂದು ಇರೋ ಮಡ್ ಟೈರ್ ಹಾಕ್ಸಿ, ಎಳೆಯೋ ಗಟ್ಟಿ ಬೆಲ್ಟ್ ಇಟ್ಕೊಳ್ಳಿ. ಇನ್ನೂ ಉಳಿದದ್ದರಲ್ಲಿ ದಾರಿಯಲ್ಲಿ ಹೆಚ್ಚು ಹೂಳೋ ಜಾಗಕ್ಕೆ ಅಕ್ಕಪಕ್ಕದ ಹೊಲದವರ ಜೊತೆ ಸೇರಿ ಗರಸು ಹಾಕ್ಸಿ. ಗರಸು ಬಿದ್ದ ದಾರಿಯಲ್ಲಿ ಆಂಬುಲೆನ್ಸೂ ಬರ್ತದೆ, ನಿಮ್ಮ ಗಾಡಿ ಊರಲ್ಲಿ ಇಲ್ಲದ ದಿನವೂ ಬರ್ತದೆ.

ಸಾಲದ ಬಗ್ಗೆ ಕಡೇ ಮಾತು. 10 ಲಕ್ಷಕ್ಕೆ ಶೇ 9.5 ಬಡ್ಡಿ, 5 ವರ್ಷ ಅಂದ್ರೆ ಕಂತು ತಿಂಗಳಿಗೆ ಸುಮಾರು 21 ಸಾವಿರ, ಬಡ್ಡಿನೇ 2.6 ಲಕ್ಷ. ಬೆಳೆ ರೊಕ್ಕ ಬರೋದು ವರ್ಷಕ್ಕೆ ಒಂದೆರಡು ಸಲ, ಕಂತು ಬರೋದು ಪ್ರತಿ ತಿಂಗಳು. ಆರು ತಿಂಗಳ ಕಂತು ಬ್ಯಾಂಕ್ ಖಾತೆಯಲ್ಲಿ ತೆಗೆದಿಟ್ಟು ಆಮೇಲೆ ಸಹಿ ಹಾಕಿ. ಅಷ್ಟು ಇಡೋಕೆ ಆಗಲ್ಲ ಅಂದ್ರೆ ಈ ವರ್ಷ ಗರಸು, ಮುಂದಿನ ವರ್ಷ ಗಾಡಿ.

ಅಪ್ಪನ ಜೊತೆ ಕೂತು ಈ ಲೆಕ್ಕ ಮಾಡ್ರಿ, ಏನಾಯ್ತು ಅಂತ ಮೆಸೇಜ್ ಹಾಕ್ರಿ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಮುಂದಿನ ವಾರ ಸಿಗೋಣ್ರಿ.