ಮೊದಲು ಸಾಕ್ಷ್ಯ ಉಳಿಸೋಣ
(ಮಹಿಳಾ ವಿಭಾಗದ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಹಾಡು, ನೃತ್ಯ, ಊಟೋಪಚಾರದ ಸಂಭ್ರಮದ ನಡುವೆ ಇಂಥ ವಿಷಯ ಬೇಕಿತ್ತೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಮೊದಲು ನಮಗೂ ಹಾಗೇ ಅನ್ನಿಸಿತ್ತು. ಆದರೆ ಮಸ್ಕತ್, ಸೊಹಾರ್, ಸಲಾಲಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ರಜೆಗೆ ಊರಿಗೆ ಹೋಗುತ್ತಾರೆ. ನಮ್ಮ ಹೆಣ್ಣುಮಕ್ಕಳು ಇಲ್ಲಿ ಕಚೇರಿ, ಆಸ್ಪತ್ರೆ, ಮನೆಗೆಲಸಗಳಲ್ಲಿ ದುಡಿಯುತ್ತಾರೆ. ಲೈಂಗಿಕ ದೌರ್ಜನ್ಯ ಯಾರಿಗೆ, ಎಲ್ಲಿ ಎದುರಾದೀತೆಂದು ಹೇಳಬರುವುದಿಲ್ಲ. ಎದುರಾದಾಗ ಮೊದಲ ಒಂದೆರಡು ದಿನ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ಮುಂದಿನ ನ್ಯಾಯ ಬಹುಮಟ್ಟಿಗೆ ನಿಂತಿದೆ.

ನಮ್ಮ ನಾಡಿನ ಎರಡು ಪ್ರಕರಣಗಳನ್ನು ನೆನಪಿಸುತ್ತೇವೆ. 2012ರ ಅಕ್ಟೋಬರಿನಲ್ಲಿ ಉಜಿರೆಯ ಕಾಲೇಜಿನಿಂದ ಮನೆಗೆ ಹೊರಟ ಹದಿನೇಳರ ಬಾಲಕಿ ಮನೆ ಸೇರಲಿಲ್ಲ. ಮರುದಿನ ಶವ ಸಿಕ್ಕಿತು. ಪೊಲೀಸರು, ಸಿಐಡಿ, ಕೊನೆಗೆ ಸಿಬಿಐ ತನಿಖೆ ನಡೆಸಿದ ಮೇಲೂ 2023ರ ಜೂನ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಆರೋಪಿಯನ್ನು ಬಿಡುಗಡೆ ಮಾಡಿತು. ತನಿಖೆಯ ಆರಂಭದ ಲೋಪಗಳು ತೀರ್ಪಿನಲ್ಲೇ ದಾಖಲಾಗಿವೆ. ಹನ್ನೊಂದು ವರ್ಷದ ಬಳಿಕ ಆ ತಾಯಿಗೆ ಉಳಿದದ್ದು ಪ್ರಶ್ನೆ ಮಾತ್ರ. ಆ ಮಗುವಿನ ಹೆಸರನ್ನು ನಾವು ಹೇಳುವುದಿಲ್ಲ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡುವುದು ಭಾರತದಲ್ಲಿ ಅಪರಾಧ. ವಾಟ್ಸಾಪ್‌ನಲ್ಲಿ ಫೋಟೋ ಹಂಚುವವರು ಇದನ್ನು ಗಮನಿಸಬೇಕು.

ಇನ್ನೊಂದು ಹಾಸನದ ಪ್ರಕರಣ. ಮನೆಗೆಲಸದ ಮಹಿಳೆಯೊಬ್ಬರು 2021ರಲ್ಲಿ ನಡೆದ ಅತ್ಯಾಚಾರದ ಬಗ್ಗೆ 2024ರಲ್ಲಿ ದೂರು ಕೊಟ್ಟರು. ಆರೋಪಿ ಅಂದಿನ ಸಂಸದ ಪ್ರಜ್ವಲ್ ರೇವಣ್ಣ. ವಿಶೇಷ ತನಿಖಾ ತಂಡಕ್ಕೆ ಆಕೆಯ ಸೀರೆಯೊಂದು ಸಿಕ್ಕಿತು. ಅದರ ಮೇಲಿನ ಕಲೆಯ ಡಿಎನ್‌ಎ ಆರೋಪಿಯದರೊಂದಿಗೆ ಹೊಂದಿತು. 2025ರ ಆಗಸ್ಟ್ 2ರಂದು ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ. ಬಡ ಹೆಂಗಸಿನ ಮಾತಿಗೆ ಬಲ ಕೊಟ್ಟದ್ದರಲ್ಲಿ ಒಗೆಯದೆ ಉಳಿದ ಆ ಸೀರೆಯ ಪಾಲು ದೊಡ್ಡದು.

ಹಾಗಾದರೆ ಮನೆಯವರು ಮಾಡಬೇಕಾದದ್ದೇನು? ಮೊದಲು, "ನಿನ್ನದೇನೂ ತಪ್ಪಿಲ್ಲಮ್ಮ" ಎಂದು ಹೇಳಬೇಕು. ಆಮೇಲೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮಗಳನ್ನು ಕೂಡಲೇ ಸ್ನಾನಕ್ಕೆ ಕಳಿಸಿ, ಬಟ್ಟೆ ಒಗೆದು ಹಾಕುವುದು ತಾಯಿಯ ಕರುಳು ಮಾಡುವ ಕೆಲಸ. ಆದರೆ ನೀರಿನೊಂದಿಗೆ ಸಾಕ್ಷ್ಯವೂ ಹೋಗುತ್ತದೆ. ದೇಹದಿಂದ ಮಾದರಿ ಸಂಗ್ರಹಿಸಲು ಮೊದಲ 72 ಗಂಟೆ ಬಹಳ ಮುಖ್ಯ. ಬಟ್ಟೆಗಳನ್ನು ಒಂದೊಂದಾಗಿ ಬೇರೆ ಬೇರೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ಮೊಬೈಲಿನ ಸಂದೇಶ, ಚಿತ್ರ, ಕರೆಗಳ ಪಟ್ಟಿಯನ್ನು ಅಸಹ್ಯವೆಂದು ಅಳಿಸಬೇಡಿ. ಸ್ನಾನ ಆಗಿಹೋಗಿದ್ದರೆ ಎದೆಗುಂದಬೇಕಾಗಿಲ್ಲ. ಗಾಯ, ಬಟ್ಟೆ, ಹಾಸಿಗೆ, ಸಿಸಿಟಿವಿ ಎಲ್ಲವೂ ಮಾತಾಡುತ್ತವೆ. ಹಾಸನದ ಪ್ರಕರಣದಲ್ಲಿ ದೂರು ಬಂದದ್ದು ಮೂರು ವರ್ಷದ ಮೇಲೆ.

ಪೊಲೀಸರ ಕರ್ತವ್ಯಗಳೂ ನಮಗೆ ತಿಳಿದಿರಬೇಕು. ಭಾರತದಲ್ಲಿ ಘಟನೆ ಎಲ್ಲೇ ನಡೆದಿರಲಿ, ಯಾವುದೇ ಠಾಣೆ ಝೀರೋ ಎಫ್‌ಐಆರ್ ದಾಖಲಿಸಬೇಕು. ಅತ್ಯಾಚಾರದ ದೂರು ಬರೆದುಕೊಳ್ಳಲು ನಿರಾಕರಿಸುವ ಅಧಿಕಾರಿಗೇ ಶಿಕ್ಷೆಯಿದೆ. ಮಹಿಳೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿ ದಾಖಲಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಮಾಹಿತಿ ಸಿಕ್ಕ 24 ಗಂಟೆಯೊಳಗೆ ಆಕೆಯನ್ನು ವೈದ್ಯಕೀಯ ಪರೀಕ್ಷೆಗೆ ಕಳುಹಿಸಬೇಕು. ಪರೀಕ್ಷೆಗೆ ಒಪ್ಪಿಗೆ ಬೇಕೇ ಬೇಕು. ವೈದ್ಯರು ಏಳು ದಿನದೊಳಗೆ ವರದಿ ಕೊಡಬೇಕು. ಸರಕಾರಿ ಇರಲಿ, ಖಾಸಗಿ ಇರಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ನೀಡಬೇಕು. "ಎರಡು ಬೆರಳಿನ ಪರೀಕ್ಷೆ" ಎಂಬ ಅವಮಾನಕರ ಪದ್ಧತಿ ಸಲ್ಲದೆಂದು ಸುಪ್ರೀಂ ಕೋರ್ಟ್ 2013ರಲ್ಲೂ 2022ರಲ್ಲೂ ಹೇಳಿದೆ. ಯಾರಾದರೂ ಮುಂದಾದರೆ ಬೇಡವೆನ್ನಿ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೋ ಕಾಯ್ದೆಯಂತೆ, ಸಮವಸ್ತ್ರವಿಲ್ಲದ ಅಧಿಕಾರಿ ಮಗುವಿನ ಮನೆಯಲ್ಲೇ ಹೇಳಿಕೆ ಪಡೆಯಬಹುದು.

ಸಂಗ್ರಹಿಸಿದ ವಸ್ತುವಿಗೆ ಮೊಹರು ಹಾಕಿ, ಯಾರು ಯಾರಿಗೆ ಎಂದು ಒಪ್ಪಿಸಿದರೆಂದು ಬರೆದು, ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಆರೋಪಿಯ ವಕೀಲರು ಅದನ್ನೇ ಹಿಡಿಯುತ್ತಾರೆ. ಆದ್ದರಿಂದ ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಿರಿ, ತನಿಖೆ ಎಲ್ಲಿಗೆ ಬಂತೆಂದು ವಿಚಾರಿಸುತ್ತಿರಿ. ಅತ್ಯಾಚಾರದ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕೆಂಬುದು ನಿಯಮ.

ಇನ್ನು ನಾವಿರುವ ಒಮಾನ್ ವಿಷಯ. ಇಲ್ಲಿ ರಾಯಲ್ ಒಮಾನ್ ಪೊಲೀಸರ ತುರ್ತು ಸಂಖ್ಯೆ 9999. ಪೊಲೀಸರ ಕಡತ ಪಬ್ಲಿಕ್ ಪ್ರಾಸಿಕ್ಯೂಷನ್‌ಗೆ ಹೋಗುತ್ತದೆ. ಇಲ್ಲಿಯ ಕಾನೂನಿನಲ್ಲಿ ಅತ್ಯಾಚಾರ ಘೋರ ಅಪರಾಧ. ಅದರ ಜೊತೆಗೆ, ಮದುವೆಯ ಹೊರಗಿನ ಸಂಬಂಧವೂ ಅಪರಾಧವೇ. ತನ್ನ ಮೇಲೇ ಕೇಸು ಬಿದ್ದೀತೆಂದು ಹೆದರಿ ಬಾಯಿ ಮುಚ್ಚಿಕೊಳ್ಳುವವರಿದ್ದಾರೆ. ಅಂಥವರನ್ನು ಒಂಟಿಯಾಗಿ ಬಿಡಬೇಡಿ. ಅಲ್ ಖುವೈರ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಗೆ ತಿಳಿಸಿ, ವಕೀಲರನ್ನು ಕಾಣಿ. ಅರಬ್ಬಿ ಬಾರದವರು ದುಭಾಷಿಯನ್ನು ಕೇಳಬೇಕು. ಅರ್ಥವಾಗದ ಹೇಳಿಕೆಗೆ ಸಹಿ ಹಾಕಬಾರದು. ಅರ್ಹರಿಗೆ ಕಾನೂನು ನೆರವು ನೀಡಲು ಭಾರತ ಸರಕಾರ 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಮಕ್ಕಳ ರಕ್ಷಣೆಗೆ ಇಲ್ಲಿ 1100, ಊರಿನಲ್ಲಿ 1098.

ರಜೆಯಲ್ಲಿ ಊರಿನ ನೆಂಟರ ಮನೆಯಲ್ಲಿ ನಡೆದದ್ದನ್ನು ಮಗು ಮಸ್ಕತ್‌ಗೆ ಬಂದ ಮೇಲೆ ಹೇಳಬಹುದು. "ಮಾವನ ಹೆಸರು ಕೆಡುತ್ತದೆ, ಸುಮ್ಮನಿರು" ಎಂದು ನಾವಂದರೆ, ಆ ಮಗು ಮತ್ತೆಂದೂ ಬಾಯಿ ಬಿಡದು. ಮಗುವಿನ ಮಾತನ್ನು ಅದರದೇ ಪದಗಳಲ್ಲಿ, ದಿನಾಂಕ ಹಾಕಿ, ಬರೆದಿಡಿ. ಪದೇ ಪದೇ ಕೆದಕಬೇಡಿ. ಪೋಕ್ಸೋ ಕಾಯ್ದೆಯಲ್ಲಿ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ.

ಬಂಧುಗಳೇ, ಈ ಸ್ಮರಣ ಸಂಚಿಕೆಗೆ ಜಾಹೀರಾತು, ದೇಣಿಗೆ ಕೊಟ್ಟವರಿಗೆಲ್ಲ ನಾವು ಋಣಿಗಳು. ದುಭಾಷಿ, ವಕೀಲರ ಶುಲ್ಕ, ಊರಿಗೆ ಒಂದು ಟಿಕೆಟ್ ಇವೆಲ್ಲಕ್ಕೂ ಹಣ ಬೇಕು, ನಿಜ. ಆದರೆ ಮಧ್ಯರಾತ್ರಿ ಒಬ್ಬ ಹೆಣ್ಣುಮಗಳು ಫೋನು ಮಾಡಿದಾಗ "ಯಾಕೆ, ಏನು" ಎಂದು ಪ್ರಶ್ನಿಸದೆ ಕಾರಿನ ಕೀಲಿ ಕೈಗೆತ್ತಿಕೊಳ್ಳುವ ಅಕ್ಕಂದಿರು, ಅಣ್ಣಂದಿರು ಅದಕ್ಕಿಂತ ಹೆಚ್ಚು ಬೇಕು. ಅಂಥವರು ಈ ಸಭೆಯಲ್ಲಿದ್ದಾರೆಂಬ ನಂಬಿಕೆ ನಮಗಿದೆ.