ಗೊರಸಿಗೆ ಬಲ ಬಾಟಲಿಯಿಂದ ಬರುವುದಿಲ್ಲ

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯವರು ನೀಡಿದ ಉಪನ್ಯಾಸದ ಬರಹರೂಪ)



ಪೇಟೆಯ ಅಂಗಡಿಗಳಲ್ಲಿ ಉಗುರು ಗಟ್ಟಿ ಮಾಡುವ ದ್ರಾವಣ, ಉಗುರಿನ ಬುಡದ ಚರ್ಮ ಮೆದು ಮಾಡುವ ಎಣ್ಣೆ ಎಂದೆಲ್ಲ ಸಣ್ಣ ಸಣ್ಣ ಬಾಟಲಿಗಳು ಬಂದಿರುವುದನ್ನು ನೀವು ನೋಡಿದ್ದೀರಿ. ಈಗ ಅದೇ ರೀತಿಯ ಬಾಟಲಿಗಳು ದನಗಳಿಗೂ ಬಂದಿವೆ. ಗೊರಸು ಗಟ್ಟಿ ಮಾಡುವ ಸಿಂಪಡಣೆ, ಗೊರಸಿಗೆ ಹಚ್ಚುವ ಮುಲಾಮು, ಬಯೋಟಿನ್ ಮತ್ತು ಸತು ಇರುವ ಪುಡಿ, ಹೀಗೆ ಹಲವು. "ಡಾಕ್ಟ್ರೇ, ಇದನ್ನು ಹಚ್ಚಬಹುದಾ?" ಎಂದು ಸಂಘದ ಎದುರು ನನ್ನನ್ನು ಕೇಳುವವರು ಹೆಚ್ಚಾಗಿದ್ದಾರೆ. ಆದುದರಿಂದ ಇವತ್ತು ಇದೊಂದೇ ವಿಷಯವನ್ನು ಮಾತಾಡುತ್ತೇನೆ.

ನನ್ನಿಂದಲೇ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಘಟ್ಟದ ಬುಡದ ಒಂದು ಊರಿನ ಅಕ್ಕ ಒಬ್ಬರು ಅಕ್ಟೋಬರದಲ್ಲಿ ಸಂಘಕ್ಕೆ ಹಾಲು ಹಾಕಲು ಬಂದವರು ನನ್ನನ್ನು ಕಂಡು, ತಮ್ಮ ಎಚ್.ಎಫ್. ಮಿಶ್ರತಳಿ ದನ ಹಿಂಗಾಲು ಊರಲು ಹಿಂಜರಿಯುತ್ತಿದೆ, ಗೊರಸು ಮೆದುವಾಗಿ ಸಿಪ್ಪೆ ಸಿಪ್ಪೆ ಏಳುತ್ತಿದೆ ಎಂದರು. ಯಾರೋ ಕೊಟ್ಟ ಗೊರಸು ಗಟ್ಟಿ ಮಾಡುವ ಬಾಟಲಿಯನ್ನೂ ತೋರಿಸಿದರು. ನನಗೆ ಆ ದಿನ ಇನ್ನೂ ನಾಲ್ಕು ಕಡೆ ಹೋಗಲಿತ್ತು. ದನವನ್ನು ನೋಡದೆ, "ಹಚ್ಚಿ ನೋಡಿ" ಎಂದುಬಿಟ್ಟೆ. ಡಿಸೆಂಬರ್ ಮೊದಲ ವಾರ ಅವರ ಮನೆಗೆ ಹೋದಾಗ ಹನ್ನೊಂದು ಲೀಟರ್ ಕೊಡುತ್ತಿದ್ದ ದನ ಏಳಕ್ಕೆ ಇಳಿದಿತ್ತು. ಬೆನ್ನು ಬಿಲ್ಲಿನಂತೆ ಬಾಗಿತ್ತು. "ಮದ್ದ್ ಹಚ್ಚಿ ಹಚ್ಚಿ ಸಾಕಾಯ್ತ್ ಡಾಕ್ಟ್ರೇ. ಇನ್ನ್ ಕೊಟ್ಟ್ ಬಿಡುದೇ ಸೈ ಅಲ್ದಾ?" ಎಂದು ಅವರು ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ಕಾಲು ತೊಳೆದು ನೋಡಿದೆ. ಗೊರಸಿನ ಮೇಲೆ, ಕೂದಲು ನಿಲ್ಲುವ ಜಾಗದಿಂದ ಮೂರು ಸೆಂಟಿಮೀಟರ್‌ಗಿಂತ ಸ್ವಲ್ಪ ಕೆಳಗೆ, ಬಳೆ ತೊಡಿಸಿದಂತೆ ಒಂದು ಆಳವಾದ ಗೆರೆ ಇತ್ತು. ನಾಲ್ಕೂ ಕಾಲಿನಲ್ಲಿ ಒಂದೇ ಎತ್ತರದಲ್ಲಿ ಇತ್ತು. ದನದ ಗೊರಸು ತಿಂಗಳಿಗೆ ಸುಮಾರು ಐದು ಮಿಲಿಮೀಟರ್ ಬೆಳೆಯುತ್ತದೆ. ಅಂದರೆ ಮೂರು ಸೆಂಟಿಮೀಟರ್ ಬೆಳೆಯಲು ಆರು ತಿಂಗಳು ಬೇಕು. ಡಿಸೆಂಬರದಿಂದ ಆರು ತಿಂಗಳು ಹಿಂದಕ್ಕೆ ಎಣಿಸಿ, "ಅಕ್ಕಾ, ಮೇ ಕೊನೆ, ಜೂನ್ ಸುರುವಿಗೆ ಈ ದನಕ್ಕೆ ಏನಾಗಿತ್ತು?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮಗಳ್ ಮದಿ ಆದ್ದ್ ಆಗಳೇ ಅಲ್ದಾ? ಉಳ್ದ್ ಅನ್ನ, ಪಾಯಸ ಎಲ್ಲ ಹಾಕಿದ್ದಿತ್ತ್. ಒಂದ್ ದಿನ ಮೇವ್ ಮುಟ್ಟಲಿಲ್ಲ. ಸೋಡಾ ಕುಡ್ಸಿದ್ ಮೇಲೆ ಸಮ ಆಯ್ತ್" ಎಂದರು.

ಹೊಟ್ಟೆ ಸಮ ಆಗಿತ್ತು, ಗೊರಸು ಸಮ ಆಗಿರಲಿಲ್ಲ. ಕಾರಣ ಇದ್ದದ್ದು ಮೇ ತಿಂಗಳ ಅನ್ನದಲ್ಲಿ. ನಾವು ಮದ್ದು ಹಚ್ಚಿದ್ದು ಅಕ್ಟೋಬರದ ಗೊರಸಿಗೆ.

ಗೊರಸು ಎಂದರೇನು?

ಗೊರಸು ದನದ ಉಗುರು. ನಮ್ಮ ಉಗುರಿನಂತೆಯೇ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನಿಂದ ಆದದ್ದು. ನಿಮ್ಮ ಉಗುರು ಕತ್ತರಿಸುವಾಗ ನೋವಾಗುವುದಿಲ್ಲ, ಯಾಕೆಂದರೆ ಹೊರಗೆ ಕಾಣುವ ಭಾಗಕ್ಕೆ ಜೀವವಿಲ್ಲ. ಜೀವ ಇರುವುದು ಬುಡದಲ್ಲಿ ಮತ್ತು ಒಳಗಿನ ಮೆದು ಮಾಂಸದಲ್ಲಿ. ಗೊರಸಿನ ಹೊರಗೋಡೆ ಹುಟ್ಟುವುದು ಕೂದಲು ಮುಗಿಯುವ ಬುಡದಲ್ಲಿ. ಅಲ್ಲಿ ಹುಟ್ಟಿದ ಗೊರಸು ಮುಂದಿನ ತುದಿಗೆ ಬಂದು ತಲುಪಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕು.

ಇದನ್ನು ತಿಳಿದುಕೊಂಡರೆ ಬಾಟಲಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಜೀವ ಇಲ್ಲದ ಭಾಗದ ಮೇಲೆ ಏನು ಬಳಿದರೂ ಅದು ಅಲ್ಲಿ ಹೊಸ ಬಲ ಹುಟ್ಟಿಸಲಾರದು. ನೀರು ಒಳಗೆ ಹೋಗದಂತೆ ಅಥವಾ ಒಣಗಿ ಬಿರಿಯದಂತೆ ಸ್ವಲ್ಪ ಕಾಯಬಹುದು, ಅಷ್ಟೇ. ಬಲ ಬರಬೇಕಾದರೆ ಬುಡದಲ್ಲಿ ಒಳ್ಳೆಯ ಗೊರಸು ಹುಟ್ಟಬೇಕು. ಅದು ಮೇವು, ನೆಲ ಮತ್ತು ಆರೈಕೆಯಿಂದ ಆಗುವ ಕೆಲಸ.

ನಮ್ಮ ಊರಿನ ತೊಂದರೆ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ನೀರಿನಲ್ಲಿ ಹೆಚ್ಚು ಹೊತ್ತು ಬಟ್ಟೆ ಒಗೆದವರ ಉಗುರು ಹೇಗೆ ಮೆತ್ತಗಾಗುತ್ತದೆಯೋ ಹಾಗೆ ನಾಲ್ಕು ತಿಂಗಳು ಸಗಣಿ, ಗಂಜಳದಲ್ಲಿ ನಿಂತ ಗೊರಸು ನೀರು ಕುಡಿದು ಮೆದುವಾಗುತ್ತದೆ. ಗೊರಸಿನ ಸಂದಿನ ಚರ್ಮ ಒಡೆದು ರೋಗಾಣು ಒಳಗೆ ಹೋಗುತ್ತದೆ. ಅದೇ ಗೊರಸು ಮಾರ್ಚ್, ಏಪ್ರಿಲ್ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಹಾಗಾಗಿ ಮಳೆಗಾಲದಲ್ಲಿ ಗಟ್ಟಿ ಮಾಡುವ ಮದ್ದು, ಬೇಸಿಗೆಯಲ್ಲಿ ಮೆದು ಮಾಡುವ ಎಣ್ಣೆ ಎರಡಕ್ಕೂ ಗಿರಾಕಿ ಸಿಗುತ್ತಾರೆ.

ನಮ್ಮ ಹಿರಿಯರು ಸಾಕುತ್ತಿದ್ದ ಮಲೆನಾಡು ಗಿಡ್ಡ ದನಗಳಿಗೆ ಈ ರಗಳೆ ಕಡಿಮೆ ಇತ್ತು. ಅವು ಹಗುರ ಮೈಯವು. ಹಾಡಿ, ಗುಡ್ಡ ಸುತ್ತಿ ಮೇಯುವಾಗ ಗೊರಸು ಕಲ್ಲಿಗೆ ತಾಗಿ ತಾನೇ ಸವೆಯುತ್ತಿತ್ತು. ಇಂದಿನ ಮಿಶ್ರತಳಿ ದನ ಅದಕ್ಕಿಂತ ಎಷ್ಟೋ ಭಾರ. ದಿನವಿಡೀ ಒಂದೇ ಕಡೆ ಕಟ್ಟಿರುತ್ತೇವೆ. ಗೊರಸು ಬೆಳೆಯುತ್ತದೆ, ಸವೆಯುವುದಿಲ್ಲ. ತುದಿ ಉದ್ದವಾದಂತೆ ಭಾರ ಹಿಮ್ಮಡಿಗೆ ಬೀಳುತ್ತದೆ. ಹಿಂಗಾಲಿನ ಹೊರಬದಿಯ ಗೊರಸಿಗೇ ಹೆಚ್ಚಾಗಿ ಹುಣ್ಣಾಗಿ ದನ ಕುಂಟುತ್ತದೆ. ಕುಂಟುವ ದನ ಎದ್ದು ಮೇವು ತಿನ್ನಲು ಸೋಮಾರಿಯಾಗುತ್ತದೆ, ಬೆದೆಯನ್ನೂ ಸರಿಯಾಗಿ ತೋರಿಸುವುದಿಲ್ಲ. ಹಾಲಿನ ನಷ್ಟದ ಜೊತೆಗೆ ಗಬ್ಬ ನಿಲ್ಲುವುದೂ ತಡವಾಗುತ್ತದೆ.

ಯಾವ ವಸ್ತು ಎಷ್ಟು ಪ್ರಯೋಜನ?

ಒಂದೊಂದಾಗಿ ನೋಡೋಣ.

1. ಎಣ್ಣೆ ಮತ್ತು ಮುಲಾಮು: ತೆಂಗಿನೆಣ್ಣೆ, ಬೇವಿನೆಣ್ಣೆ, ಪೇಟೆಯ ಮುಲಾಮು ಯಾವುದೇ ಇರಲಿ, ಬೇಸಿಗೆಯಲ್ಲಿ ಗೊರಸಿನ ಬುಡದ ಚರ್ಮ ಒಣಗಿ ಸೀಳಿದಾಗ ಹಚ್ಚಿದರೆ ಮೆದುವಾಗುತ್ತದೆ. ಅಷ್ಟಕ್ಕೆ ಮನೆಯ ಎಣ್ಣೆಯೇ ಸಾಕು. ಗೊರಸಿನ ಮೇಲೆ ಹಚ್ಚಿದರೆ ಹೊಳಪು ಬರುತ್ತದೆ, ಬಲ ಬರುವುದಿಲ್ಲ. ಒದ್ದೆ ಗೊರಸಿಗೆ, ಕೊಳೆತ ಸಂದಿಗೆ ಎಣ್ಣೆ ಹಚ್ಚಬೇಡಿ.

2. ಮೈಲುತುತ್ತ: ಅಡಿಕೆ ತೋಟ ಇರುವವರ ಮನೆಯಲ್ಲಿ ಕೊಳೆರೋಗಕ್ಕೆಂದು ತಂದ ಮೈಲುತುತ್ತ ಇದ್ದೇ ಇರುತ್ತದೆ. ಹತ್ತು ಲೀಟರ್ ನೀರಿಗೆ 500 ಗ್ರಾಂ ಹಾಕಿದರೆ ಶೇಕಡಾ 5ರ ದ್ರಾವಣ ಆಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಾಲು ಚೆನ್ನಾಗಿ ತೊಳೆದು, ನೀರಿಳಿದ ಮೇಲೆ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಒಂದೊಂದೇ ಕಾಲನ್ನು ಅದ್ದಿ ನಿಲ್ಲಿಸಿ. ಎರಡೇ ದನ ಇರುವವರಿಗೆ ಕೈ ಸಿಂಪಡಣೆ ಯಂತ್ರವೂ ಆಗುತ್ತದೆ. ಕಬ್ಬಿಣದ ಪಾತ್ರೆ ಬೇಡ. ಬೋರ್ಡೋ ಮಿಶ್ರಣದಂತೆ ಸುಣ್ಣ ಸೇರಿಸಬೇಡಿ. ಸಗಣಿ ಬೆರೆತರೆ ದ್ರಾವಣದ ಶಕ್ತಿ ಹೋಗುತ್ತದೆ. ದನ ಅದನ್ನು ಕುಡಿಯಬಾರದು. ಉಳಿದದ್ದನ್ನು ತೋಡಿಗೆ ಚೆಲ್ಲಬೇಡಿ, ಮೀನು ಸಾಯುತ್ತದೆ.

3. ಫಾರ್ಮಲಿನ್: ಇದು ಗೊರಸನ್ನು ಗಟ್ಟಿ ಮಾಡುವುದು ನಿಜ. ಆದರೆ ಶೇಕಡಾ 5 ದಾಟಿದರೆ ಬುಡದ ಚರ್ಮ ಸುಡುತ್ತದೆ, ಗಾಯಕ್ಕೆ ತಾಗಿದರೆ ದನ ಒದ್ದಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಇದರ ಹೊಗೆ ಕಣ್ಣು, ಮೂಗಿಗೆ ಹೊಡೆಯುತ್ತದೆ. ಹಾಲು ಇಡುವ ಜಾಗದ ಹತ್ತಿರ ಇದು ಬರಲೇಬಾರದು. ನನ್ನ ಸಲಹೆ, ಮನೆಯ ಹಟ್ಟಿಗೆ ಇದು ಬೇಡವೇ ಬೇಡ.

4. ಬಯೋಟಿನ್ ಮತ್ತು ಸತು: ಬಯೋಟಿನ್ ಒಂದು ಜೀವಸತ್ವ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳೇ ಅದನ್ನು ತಯಾರಿಸುತ್ತವೆ. ಹೆಚ್ಚು ಹಾಲು ಕೊಡುವ ದನಕ್ಕೆ ದಿನಕ್ಕೆ 20 ಮಿಲಿಗ್ರಾಂ ಕೊಟ್ಟಾಗ ಗೊರಸು ಸುಧಾರಿಸುವುದು ಹಲವು ದೇಶಗಳ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಫಲ ಕಾಣಲು ಸುಮಾರು ಆರು ತಿಂಗಳು ಬೇಕು. ಒಂದು ಡಬ್ಬಿ ಮುಗಿಸಿ "ಏನೂ ಆಗಲಿಲ್ಲ" ಎಂದು ನಿಲ್ಲಿಸಿದರೆ ಹಣ ನೀರಿಗೆ ಹಾಕಿದಂತೆ. ಖನಿಜ ಮಿಶ್ರಣವನ್ನೇ ಕೊಡದವರು ಮೊದಲು ಅದನ್ನು ಸುರು ಮಾಡಿ. ಸತು, ತಾಮ್ರ ಅದರಲ್ಲೇ ಇದೆ. ಅದರ ನಂತರ ಬೇಕಾದರೆ ಬಯೋಟಿನ್ ವಿಚಾರ.

5. ರಬ್ಬರ್ ಮ್ಯಾಟ್: ಕಾಂಕ್ರೀಟ್ ನೆಲದವರಿಗೆ ಇದು ಒಳ್ಳೆಯದು. ದನಕ್ಕೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಲು ಬೇಕು. ನೆಲ ಒದ್ದೆ, ಒರಟು ಇದ್ದರೆ ಅದು ಮಲಗದೆ ನಿಂತೇ ಇರುತ್ತದೆ, ಎಲ್ಲ ಭಾರ ಗೊರಸಿಗೆ. ಆದರೆ ಮ್ಯಾಟಿನ ಅಡಿ ತೊಳೆಯದಿದ್ದರೆ ಅಲ್ಲೇ ಗಂಜಳ ನಿಂತು ಇನ್ನೂ ಕೆಡುತ್ತದೆ. ನೆಲ ಹತ್ತು ಅಡಿಗೆ ಎರಡು ಇಂಚು ಇಳಿಜಾರಿರಲಿ. ಸೊಪ್ಪಿನ ಹಟ್ಟಿಯವರು ಮಳೆಗಾಲದಲ್ಲಿ ಒದ್ದೆ ಸೊಪ್ಪಿನ ಬದಲು ಒಣಗಿದ ಎಲೆ, ಬೈಹುಲ್ಲು ಹಾಕಿ, ಗೊಬ್ಬರ ಬೇಗ ಬೇಗ ತೆಗೆಯಿರಿ.

ಹೊಸತನ್ನು ಪರೀಕ್ಷಿಸುವ ಕ್ರಮ

ಹೊಸ ವಸ್ತು ಬೇಡ ಎಂದು ನಾನು ಹೇಳುವುದಿಲ್ಲ. ಕೃತಕ ಗರ್ಭಧಾರಣೆಯೂ ಒಂದು ಕಾಲದಲ್ಲಿ ನಮಗೆ ಹೊಸತೇ ಆಗಿತ್ತು. ಆದರೆ ಪರೀಕ್ಷೆ ಮಾಡಲು ಒಂದು ಕ್ರಮ ಇರಬೇಕು. ಹಚ್ಚುವ ಮದ್ದಾದರೆ ಒಂದು ಹಿಂಗಾಲಿಗೆ ಮಾತ್ರ ಹಚ್ಚಿ, ಇನ್ನೊಂದನ್ನು ಹಾಗೆಯೇ ಬಿಡಿ. ಎರಡು ತಿಂಗಳ ನಂತರ ಎರಡಕ್ಕೂ ವ್ಯತ್ಯಾಸ ಇಲ್ಲದಿದ್ದರೆ ಬಾಟಲಿ ಯಾಕೆ? ತಿನ್ನಿಸುವ ಪುಡಿಯಾದರೆ, ಕೂದಲಿನ ಅಂಚಿನ ಕೆಳಗೆ ಗೊರಸಿನ ಮೇಲೆ ಅರದಿಂದ ಮೇಲುಮೇಲಿನ ಸಣ್ಣ ಗೆರೆ ಹಾಕಿ ದಿನಾಂಕ ಬರೆದಿಡಿ. ತಿಂಗಳು ತಿಂಗಳು ಗೆರೆ ಕೆಳಗೆ ಇಳಿಯುತ್ತದೆ. ಗೆರೆಯ ಮೇಲೆ ಹುಟ್ಟಿದ ಹೊಸ ಗೊರಸು ನುಣುಪಾಗಿ, ಗಟ್ಟಿಯಾಗಿ ಇದೆಯೇ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮ್ಯಾಟ್, ಪುಡಿ, ಬಾಟಲಿ ಮೂರನ್ನೂ ಒಟ್ಟಿಗೆ ತಂದರೆ ಯಾವುದರಿಂದ ಗುಣವಾಯಿತು ಎಂದು ಯಾರಿಗೂ ತಿಳಿಯದು. ಕಂಪನಿ ಹೆಸರು, ಅವಧಿ ಮುಗಿಯುವ ದಿನ ಇಲ್ಲದ ಡಬ್ಬಿ ಮುಟ್ಟಬೇಡಿ, ಬಿಲ್ಲು ಕೇಳಿ ಪಡೆಯಿರಿ.

ಮದ್ದಿಗಿಂತ ಮೊದಲು

ನಾಲ್ಕು ಕೆಲಸಗಳಿವೆ. ಮೊದಲನೆಯದು, ಮದುವೆ, ಉಪನಯನದ ಉಳಿದ ಅನ್ನ, ಮಳೆಗಾಲದ ಹಲಸಿನಹಣ್ಣು ಒಮ್ಮೆಲೇ ಸುರಿಯಬೇಡಿ. ಹಾಳಾಗುವುದನ್ನು ದನಕ್ಕೆ ಹಾಕಿದರೆ ಪುಣ್ಯ ಎಂದು ನಾವು ತಿಳಿದಿದ್ದೇವೆ. ಆದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿ, ಆ ವಿಷ ರಕ್ತಕ್ಕೆ ಸೇರಿ ಗೊರಸಿನ ಒಳಗಿನ ಮೆದು ಭಾಗ ಊದಿಕೊಳ್ಳುತ್ತದೆ. ಹೆಚ್ಚಾದರೆ ಜೀವಕ್ಕೇ ಅಪಾಯ. ಎರಡನೆಯದು, ಹಿಂಡಿಯ ಆಸೆಗೆ ಬೈಹುಲ್ಲು, ಹಸಿಹುಲ್ಲು ಕಡಿಮೆ ಮಾಡಬೇಡಿ. ಮೂರನೆಯದು, ವರ್ಷಕ್ಕೆ ಎರಡು ಸಲ, ಮಳೆ ಸುರುವಾಗುವ ಮೊದಲು ಮತ್ತು ಮಳೆ ಬಿಟ್ಟ ಮೇಲೆ, ತಿಳಿದವರಿಂದ ಗೊರಸು ಕತ್ತರಿಸಿಸಿ. ಮುಂಭಾಗದಲ್ಲಿ ಕೂದಲಿನಿಂದ ತುದಿಯವರೆಗೆ ನಿಮ್ಮ ನಾಲ್ಕು ಬೆರಳಗಲಕ್ಕಿಂತ ಹೆಚ್ಚು ಉದ್ದ ಇದ್ದರೆ ಕತ್ತರಿಸುವ ಸಮಯ ಬಂತು ಎಂದು ಲೆಕ್ಕ. ಮನೆಯ ಕತ್ತಿಯಿಂದ ಕೆತ್ತಬೇಡಿ. ನಾಲ್ಕನೆಯದು, ಕಾಲಿನ ಜೊತೆ ಬಾಯಿಯಲ್ಲೂ ಹುಣ್ಣು, ಜೊಲ್ಲು, ಜ್ವರ ಕಂಡರೆ ಅದು ಕಾಲುಬಾಯಿ ರೋಗ ಇರಬಹುದು. ಕೂಡಲೇ ಪಶುವೈದ್ಯರಿಗೆ ತಿಳಿಸಿ. ಆರು ತಿಂಗಳಿಗೊಮ್ಮೆ ಲಸಿಕೆ ತಪ್ಪಿಸಬೇಡಿ. ಗೊರಸು ಕೊಳೆತು ವಾಸನೆ ಬಂದರೂ ಬ್ಯಾಟರಿ ಆಸಿಡ್, ಸೀಮೆಎಣ್ಣೆ ಹಾಕದೆ ವೈದ್ಯರನ್ನು ಕರೆಯಿರಿ. ಚುಚ್ಚುಮದ್ದು ಕೊಟ್ಟರೆ ಎಷ್ಟು ದಿನ ಸಂಘಕ್ಕೆ ಹಾಲು ಹಾಕಬಾರದೆಂದು ಕೇಳಿ ತಿಳಿಯಿರಿ.

ಉಗುರಿನ ಮಾತು ಬಂದದ್ದರಿಂದ ಇನ್ನೊಂದು ಮಾತು. ಹಾಲು ಕರೆಯುವವರು ತಮ್ಮ ಉಗುರನ್ನು ಗಿಡ್ಡವಾಗಿ ಕತ್ತರಿಸಿರಬೇಕು. ಉಗುರು ಗೀರಿದ ಮೊಲೆತೊಟ್ಟಿನ ಗಾಯದಿಂದಲೇ ಎಷ್ಟೋ ಸಲ ಕೆಚ್ಚಲು ಬಾವು ಸುರುವಾಗುತ್ತದೆ. ಹೆಬ್ಬೆರಳು ಮಡಚಿ ಹಿಂಡುವ ಅಭ್ಯಾಸವನ್ನೂ ಬಿಡಿ. ತೊಟ್ಟು ಬಿರಿದಿದ್ದರೆ ಕರೆದಾದ ಮೇಲೆ ಗ್ಲಿಸರಿನ್ ಸೇರಿದ ಅಯೋಡಿನ್ ದ್ರಾವಣದಲ್ಲಿ ಅದ್ದಿ.

ಕೊನೆಗೆ ಆ ಅಕ್ಕನ ದನದ ವಿಷಯ. ಬಾಟಲಿ ನಿಲ್ಲಿಸಿದೆವು. ಗೊರಸು ಕತ್ತರಿಸಿ ಸಮ ಮಾಡಿದೆವು, ಅಡಿಗೆ ಮ್ಯಾಟ್ ಹಾಕಿದರು, ಬೈಹುಲ್ಲು ಹೆಚ್ಚು ಮಾಡಿ ಖನಿಜ ಮಿಶ್ರಣ ಸುರು ಮಾಡಿದರು. ಮೂರು ವಾರಕ್ಕೆ ದನ ನಾಲ್ಕೂ ಕಾಲೂರಿ ನಿಂತಿತು. ಹಾಲು ಒಂಬತ್ತು ಲೀಟರಿಗೆ ಬಂತು. ಆ ಸೂಲಿನಲ್ಲಿ ಹನ್ನೊಂದಕ್ಕೆ ಮರಳಲಿಲ್ಲ. ಅಷ್ಟು ನಷ್ಟದಲ್ಲಿ ನನ್ನ ಆ "ಹಚ್ಚಿ ನೋಡಿ" ಎಂಬ ಮಾತಿಗೂ ಪಾಲಿದೆ. ಆದರೆ ದನವನ್ನು ಅವರು ಮಾರಲಿಲ್ಲ. ಏಪ್ರಿಲಿನಲ್ಲಿ ಹೋದಾಗ ಅವರೇ ಅಳತೆಪಟ್ಟಿ ತಂದು, ಗೆರೆ ಐದು ಸೆಂಟಿಮೀಟರ್ ಇಳಿದಿದೆ ಎಂದು ತೋರಿಸಿದರು. ಅದರ ಮೇಲಿನ ಗೊರಸು ನುಣ್ಣಗೆ ಬಂದಿತ್ತು.

ನೀವೂ ಮನೆಗೆ ಹೋದ ಮೇಲೆ ನಿಮ್ಮ ದನದ ಕಾಲು ತೊಳೆದು ಒಮ್ಮೆ ನೋಡಿ. ಗೆರೆ ಇದ್ದರೆ ಕೂದಲಿನಿಂದ ಅಳೆಯಿರಿ, ತಿಂಗಳು ಎಣಿಸಿರಿ. ಏನಾಗಿತ್ತೆಂದು ನಿಮಗೇ ನೆನಪಾಗುತ್ತದೆ. ಬಾಟಲಿ ಕೊಳ್ಳುವ ವಿಚಾರ ಆ ಮೇಲೆ. ನನ್ನನ್ನು ಕೇಳುವುದಾದರೆ, ಸಂಘದ ಎದುರು ಕೇಳಬೇಡಿ, ಹಟ್ಟಿಗೆ ಕರೆಯಿರಿ. ನಾನು ಬರುತ್ತೇನೆ.